ನೆನೆದ ಬೆರಳುಗಳು

ನನ್ನ ಕೆಲಸ ಉಗುರಿನದು. ಕೈಯ ಉಗುರು, ಕಾಲಿನ ಉಗುರು, ಎರಡೂ. ಹನ್ನೊಂದು ವರ್ಷದಿಂದ ಒಂದೇ ಪಾರ್ಲರಿನಲ್ಲಿ, ಒಂದೇ ಕಿಟಕಿಯ ಪಕ್ಕ, ಒಂದೇ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಊರ ಹೆಂಗಸರ ಬೆರಳು ಹಿಡಿದಿದ್ದೇನೆ. ಅವರವರ ಗಂಡಂದಿರೂ ಅಷ್ಟು ಹೊತ್ತು ಹಿಡಿದಿರಲಿಕ್ಕಿಲ್ಲ ಎಂದು ನಮ್ಮ ಯಜಮಾನಿ ತಮಾಷೆ ಮಾಡುತ್ತಾರೆ. ಹಿಡಿದಿದ್ದರೆ ಇಷ್ಟು ಜನ ಇಲ್ಲಿಗೆ ಬರುತ್ತಿರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಕೆಲಸದ ಕ್ರಮ ಹೀಗೆ. ಮೊದಲು ಹಳೆಯ ಬಣ್ಣ ಒರೆಸಬೇಕು. ಆಮೇಲೆ ಸೋಪು ಬೆರೆಸಿದ ಬಿಸಿನೀರಿನ ಬಟ್ಟಲಲ್ಲಿ ಬೆರಳುಗಳನ್ನು ಹತ್ತು ನಿಮಿಷ ನೆನೆಸಬೇಕು. ಉಗುರಿನ ಬುಡದ ಚರ್ಮ ಮೆತ್ತಗಾದ ಮೇಲೆ ಅದನ್ನು ಬಿಡಿಸಿ, ಕ್ರೀಮು ಉಜ್ಜಿ, ಅರದಿಂದ ತೀಡಿ, ಕೊನೆಗೆ ಬಣ್ಣ. ಒಂದು ಕೈ ಬಟ್ಟಲಲ್ಲಿದ್ದಾಗ ಇನ್ನೊಂದು ಕೈ ನನ್ನ ಕೈಯಲ್ಲಿರುತ್ತದೆ. ಫೋನ್ ಬರುವುದು ಸರಿಯಾಗಿ ಆಗಲೇ.

ಈಗಿನ ಫೋನುಗಳಿಗೆಲ್ಲ ಬೆರಳ ಗುರುತು. ಯಾರೂ ಮುರಿಯಲಾಗದ ಬೀಗ ಎಂದು ಅಂಗಡಿಯವನು ಹೇಳಿಯೇ ಮಾರಿರುತ್ತಾನೆ. ಆದರೆ ಫೋನಿಗೆ ಗೊತ್ತಿರುವುದು ಒಣಗಿದ ಬೆರಳು. ಹತ್ತು ನಿಮಿಷ ನೆನೆದು ಸುಕ್ಕಾದ, ಕ್ರೀಮು ಮೆತ್ತಿದ ಬೆರಳನ್ನು ಇಟ್ಟರೆ ನೀವು ಯಾರೋ ಏನೋ ಎಂದುಬಿಡುತ್ತದೆ. ಎರಡು ಸಲ, ಮೂರು ಸಲ ಒತ್ತಿ ನೋಡಿ ಗಿರಾಕಿಗೆ ಸಿಟ್ಟು ಬರುತ್ತದೆ. ಆಗ ಫೋನು ಬೀಗದ ನಂಬರು ಕೇಳುತ್ತದೆ. ಗಿರಾಕಿ ನನ್ನ ಕಡೆ ನೋಡಿ, ನೀನೇ ಒಂಚೂರು ಒತ್ತಮ್ಮ ಎಂದು ಆ ನಂಬರನ್ನು ಬಾಯಿಬಿಟ್ಟು ಹೇಳುತ್ತಾರೆ, ಅದೂ ಹೇರ್ ಡ್ರೈಯರಿನ ಸದ್ದಿಗೆ ಕೇಳಿಸದೆ ಹೋದೀತು ಎಂದು ಗಂಟಲು ಏರಿಸಿ.

ಹೀಗೆ ನನಗೆ ನಲವತ್ತೊಂದು ಜನರ ನಂಬರು ಬಾಯಿಪಾಠ. ಮಕ್ಕಳು ಹುಟ್ಟಿದ ದಿನ, ಮದುವೆಯಾದ ವರ್ಷ, ಮನೆಯ ನಂಬರು. ಒಬ್ಬರದಂತೂ ಗಂಡನಲ್ಲದ ಇನ್ಯಾರದೋ ಹುಟ್ಟಿದ ದಿನ, ಅದನ್ನೂ ಅವರೇ ನಗುತ್ತಾ ಹೇಳಿದ್ದು. ಕಲಿಯಬೇಕೆಂದು ಕಲಿತದ್ದಲ್ಲ, ಕಿವಿಗೆ ಬಿದ್ದದ್ದು ತಲೆಯಲ್ಲಿ ಉಳಿಯಿತು. ಯಾರ ಫೋನಿನ ಒಳಗೂ ನಾನು ಕಣ್ಣು ಹಾಕಿದವಳಲ್ಲ. ಇದು ನನ್ನ ದೊಡ್ಡತನವೇನಲ್ಲ. ಆ ಫೋನುಗಳಲ್ಲಿ ಇರಬಹುದಾದದ್ದನ್ನೆಲ್ಲ ಅವರು ಈ ಕುರ್ಚಿಯಲ್ಲಿ ಕುಳಿತು ಆಗಲೇ ಹೇಳಿ ಮುಗಿಸಿರುತ್ತಾರೆ. ಅದನ್ನೇ ಮತ್ತೆ ಓದುವ ಪುರುಸೊತ್ತು ಯಾರಿಗಿದೆ?

ನಂಬರು ಹೇಳದೆ ಇದ್ದವರು ಒಬ್ಬರೇ, ಹೆಡ್ ಮೇಡಂ. ಪಕ್ಕದ ಬೀದಿಯ ಶಾಲೆಗೆ ಅವರೇ ಮುಖ್ಯಸ್ಥೆ. ಇಲ್ಲಿಗೆ ಬಂದರೂ ಶಾಲೆ ಬಿಟ್ಟು ಬರುವವರಲ್ಲ. ಪಾಸ್‌ವರ್ಡ್ ಹೋದರೆ ಬೇರೆ ಹಾಕಿಕೊಳ್ಳಬಹುದು, ಬೆರಳು ಹೋದರೆ ಬೇರೆ ಎಲ್ಲಿಂದ ತರುತ್ತೀರಿ ಎಂದು ಅವರು ಎಲ್ಲರನ್ನೂ ಕೇಳುತ್ತಿದ್ದರು. ಕುಡಿದ ಲೋಟದ ಮೇಲೆ, ಬಾಗಿಲ ಹಿಡಿಯ ಮೇಲೆ, ಬಸ್ಸಿನ ಕಂಬಿಯ ಮೇಲೆ ನಿಮ್ಮ ಬೀಗದ ಕೈಯನ್ನು ನೀವೇ ಬಿಟ್ಟು ಬರುತ್ತಿದ್ದೀರಿ ಎಂದು ಹೇಳಿ, ತಾವು ನೀರು ಕುಡಿದ ಲೋಟವನ್ನು ಕರವಸ್ತ್ರದಿಂದ ಸುತ್ತಲೂ ಒರೆಸಿ ಕೆಳಗಿಡುತ್ತಿದ್ದರು. ಅವರ ಫೋನಿನ ಕ್ಯಾಮೆರಾ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ. ಉಳಿದವರು ಹೌದು ಹೌದೆಂದು ತಲೆಯಾಡಿಸಿ, ಐದು ನಿಮಿಷದ ನಂತರ ನನಗೆ ನಂಬರು ಹೇಳುತ್ತಿದ್ದರು.

ಒಂದು ದಿನ ಅವರ ಕಾಲುಗುರಿನ ಕೆಲಸ ನಡೆದಿತ್ತು. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ, ಕಾಲು ಇನ್ನೂ ನೀರಿಗಿಳಿಸಿರಲಿಲ್ಲ. ಶಾಲೆಯಿಂದ ಏನೋ ತುರ್ತು ಸಂದೇಶ ಬಂತು. ಮೇಡಂ ಬಾಗಿಲ ಕಡೆ ಒಮ್ಮೆ, ಕನ್ನಡಿಯ ಕಡೆ ಒಮ್ಮೆ ನೋಡಿ, ಟವೆಲಿನ ಮೇಲಿದ್ದ ಎಡಗಾಲನ್ನು ಎತ್ತಿ, ಹೆಬ್ಬೆರಳ ಪಕ್ಕದ ಬೆರಳಿಗೆ ಫೋನು ತಾಗಿಸಿದರು. ಫೋನು ಬಾಗಿಲು ತೆರೆಯಿತು.

ನಾನು ನೋಡಿದ್ದನ್ನು ಅವರು ನೋಡಿದರು. ಕಿವಿಯವರೆಗೂ ಕೆಂಪಾಗಿ, ಪಿಸುದನಿಯಲ್ಲಿ ವಿವರಣೆ ಕೊಟ್ಟರು. ಕೈಬೆರಳು ಜಗತ್ತನ್ನೆಲ್ಲ ಮುಟ್ಟುತ್ತದೆ, ಕಾಲ್ಬೆರಳು ಕಾಲುಚೀಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಯಾರಿಗೂ ಹೊಳೆಯುವಂಥದ್ದಲ್ಲ. ಗಂಡನಿಗೂ ಗೊತ್ತಿಲ್ಲ. ಶಾಲೆಯಲ್ಲಿ ಫೋನು ನೋಡಬೇಕಾದರೆ ಕೋಣೆಯ ಬಾಗಿಲು ಹಾಕಿಕೊಂಡು ಬೂಟು ಬಿಚ್ಚುತ್ತಾರಂತೆ. ಯಾರ ಹತ್ತಿರವೂ ಬಾಯಿಬಿಡುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಬಾಯಿಗೆ ಟವೆಲು ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇಡೀ ಪ್ರಪಂಚದಿಂದ ಬಚ್ಚಿಟ್ಟ ಬೆರಳನ್ನು ಈ ತಾಯಿ ತಿಂಗಳಿಗೊಂದು ಸಲ ತಾವೇ ತಂದು ನನ್ನ ಕೈಗೆ ಕೊಡುತ್ತಿದ್ದರು.

ನನಗೂ ಒಂದು ಗುಟ್ಟಿತ್ತು. ಒಂದು ವರ್ಷದಿಂದ ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದವು. ಮೊದಲು ಬೆಳಗಿನ ಹೊತ್ತು ಮಾತ್ರ, ಆಮೇಲೆ ದಿನವಿಡೀ. ಹಿಡಿದದ್ದು ಕತ್ತರಿಯೋ ಕುಂಚವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕಾಗಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಚಿಕ್ಕದೊಂದು ಆಪರೇಷನ್, ಒಂದು ತಿಂಗಳು ಕೈಗೆ ವಿಶ್ರಾಂತಿ, ಆಮೇಲೆ ಮೊದಲಿನಂತೆಯೇ ಎಂದು ಡಾಕ್ಟರು ಹೇಳಿದ್ದರು. ಶಾಲೆಗಳಿಗೆ ರಜೆ ಬಿಟ್ಟಾಗ ಗಿರಾಕಿಗಳೆಲ್ಲ ಊರೂರು ತಿರುಗಲು ಹೋಗುತ್ತಾರೆ, ಪಾರ್ಲರು ಬಿಕೋ ಎನ್ನುತ್ತದೆ. ಆ ವಾರಕ್ಕೇ ದಿನ ಗೊತ್ತುಮಾಡಿಕೊಂಡು ಬಂದಿದ್ದೆ. ಇನ್ನು ಆರು ವಾರ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಯಜಮಾನಿಗೆ ಹೇಳುವ ಹಾಗಿರಲಿಲ್ಲ. ಹೋದ ವರ್ಷ ಕೂದಲು ಕತ್ತರಿಸುವವಳಿಗೆ ಬೆನ್ನುನೋವೆಂದು ತಿಳಿದಾಗ ಆಕೆಯನ್ನು ಬಹಳ ಪ್ರೀತಿಯಿಂದ ಮನೆಗೆ ಕಳಿಸಿದ್ದರು. ಸೋಮವಾರ ಆ ಕುರ್ಚಿಯ ಹಿಂದೆ ಹೊಸಬಳು ನಿಂತಿದ್ದಳು. ಅಮ್ಮನಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಊರ ಬಟ್ಟೆ ಹೊಲಿದು ನನ್ನನ್ನು ಸಾಕಿದವಳು ಅವಳು. ಕೈ ಹೋದರೆ ಏನು ಹೋಯಿತೆಂದು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ, ಊಟವಾದ ಮೇಲೆ, ಎದುರು ಕೂತು, ನನ್ನ ಬಾಯಿಂದಲೇ, ಹೆದರದ ಹಾಗೆ ಹೇಳಬೇಕೆಂದುಕೊಂಡಿದ್ದೆ. ಡಾಕ್ಟರು ಕೊಟ್ಟ ರಿಪೋರ್ಟಿನ ಕಾಗದ ಮನೆಯಲ್ಲಿಟ್ಟರೆ ಅಮ್ಮನ ಕಣ್ಣಿಗೆ ಬಿದ್ದೀತೆಂದು ಅದರ ಫೋಟೋ ತೆಗೆದು ಫೋನಿನಲ್ಲಿಟ್ಟು, ಕಾಗದ ಹರಿದು ಹಾಕಿದೆ. ಫೋನಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ?

ಅದೊಂದು ಬುಧವಾರ ಮಧ್ಯಾಹ್ನ ಹೂವಿನಂಗಡಿ ಅಕ್ಕ ಬಿರುಗಾಳಿಯ ಹಾಗೆ ಒಳಗೆ ಬಂದರು. ಮೂಲೆಯ ಹೂವಿನಂಗಡಿ ಅವರದು, ನನ್ನ ಹಳೆಯ ಗಿರಾಕಿ. ಅವರು ಮೂರು ತಿಂಗಳಿಂದ ಗೆಳತಿಗೆ ತಮ್ಮ ನಾದಿನಿಯ ವಿಷಯ ಫೋನಿನಲ್ಲಿ ಬರೆಯುತ್ತಿದ್ದರು. ನಾದಿನಿಯ ಹಾಡು, ನಾದಿನಿಯ ನಡಿಗೆ, ನಾದಿನಿಯನ್ನು ನೋಡಲು ಬಂದ ಗಂಡು ಕಾಫಿ ಅರ್ಧಕ್ಕೇ ಬಿಟ್ಟು ಎದ್ದ ರೀತಿ. ಹಿಂದಿನ ದಿನ ಊಟದ ಮೇಜಿನಲ್ಲಿ ಆ ನಾದಿನಿ ಅದಷ್ಟನ್ನೂ ಅತ್ತೆ, ಗಂಡ ಎಲ್ಲರೆದುರು ಸಾಲು ಬಿಡದೆ, ಅಭಿನಯ ಸಮೇತ ಒಪ್ಪಿಸಿದ್ದಳಂತೆ. ಎಲ್ಲಿಂದ ತಿಳಿಯಿತೆಂದರೆ ಬಾಯಿಬಿಡಲಿಲ್ಲವಂತೆ. ಫೋನಿಗೆ ನನ್ನ ಬೆರಳಿನ ಬೀಗವಿದೆ, ನಂಬರು ಗೊತ್ತಿರುವುದು ನನ್ನನ್ನು ಬಿಟ್ಟರೆ ಪ್ರಪಂಚದಲ್ಲಿ ಒಬ್ಬಳಿಗೆ ಮಾತ್ರ ಎಂದು ಹೂವಿನಂಗಡಿ ಅಕ್ಕ ನನ್ನತ್ತ ಕೈ ತೋರಿಸಿದರು.

ನಾನು ಆಗ ಹೆಡ್ ಮೇಡಂ ಅವರ ಕಾಲ ಬುಡದಲ್ಲಿದ್ದೆ. ಕಾಲುಗುರಿನ ಕುರ್ಚಿ ಎತ್ತರದ್ದು, ಸಿಂಹಾಸನದ ಹಾಗೆ. ಅವರ ಬಲಗಾಲು ನೀರಿನ ತೊಟ್ಟಿಯಲ್ಲಿತ್ತು, ಎಡಗಾಲು ನನ್ನ ಮಡಿಲ ಟವೆಲಿನ ಮೇಲಿತ್ತು. ಕಾಯುತ್ತಿದ್ದ ಗಿರಾಕಿಗಳು ಇನ್ನೂ ನಾಲ್ವರು. ಯಜಮಾನಿ ಬಾಗಿಲಿಗೆ ಅಗುಳಿ ಹಾಕಿ, ಅವರ ನಂಬರ್ ನಿನಗೆ ಗೊತ್ತೇನು ಎಂದು ಕೇಳಿದರು.

ಗೊತ್ತು ಎಂದೆ. ಇಲ್ಲ ಎನ್ನಬಹುದಿತ್ತು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಮಾತಿನ ಭರದಲ್ಲಿ, ಇಲ್ಲಿರುವ ಮಿಕ್ಕ ನಾಲ್ವರದೂ ಗೊತ್ತು ಎಂದು ಸೇರಿಸಿಬಿಟ್ಟೆ. ನಾಲ್ವರೂ ಒಟ್ಟಿಗೆ ಫೋನುಗಳನ್ನು ಎದೆಗವಚಿಕೊಂಡರು. ಗಂಟಲು ಹರಿಯುವಂತೆ ತಾವೇ ಕೂಗಿ ಹೇಳಿದ್ದನ್ನು ನಾನು ಅವರ ಮನೆಗೆ ಕನ್ನ ಹಾಕಿ ಕದ್ದ ಹಾಗೆ ನೋಡಿದರು.

ವಿಚಾರಣೆಗೊಂದು ಕ್ರಮ ಇರಬೇಕೆಂದು ಹೆಡ್ ಮೇಡಂ ಮೇಲಿನಿಂದ ಹೇಳಿದರು. ಸಂದೇಶಗಳನ್ನು ಇವಳು ನಾದಿನಿಗೆ ದಾಟಿಸಿದ್ದರೆ ಇವಳ ಫೋನಿನಲ್ಲಿ ಅದರ ಕುರುಹು ಸಿಗಲೇಬೇಕು. ಎಲ್ಲರೂ ಸೇರಿ ನೋಡಿಬಿಟ್ಟರೆ ತಪ್ಪಿದ್ದರೆ ತಪ್ಪು, ಇಲ್ಲದಿದ್ದರೆ ಇಲ್ಲ. ಉಳಿದವರಿಗೆ ಇದು ಬಹಳ ನ್ಯಾಯವಾಗಿ ಕಂಡಿತು.

 ಆರು ವಾರ ಕಣ್ಣ ಮುಂದೆ ಬಂದು ನಿಂತವು.

"ಅದರಲ್ಲಿ ನಿಮ್ಮದೇನೂ ಇಲ್ಲ ಮೇಡಂ," ಎಂದೆ. "ನನ್ನದಿದೆ."

"ಮುಚ್ಚಿಡೋಕೆ ಏನೂ ಇಲ್ದೇ ಇರೋರು ಹೆದರಬೇಕಾಗಿಲ್ಲಮ್ಮ," ಎಂದರು ಹೆಡ್ ಮೇಡಂ.

ಆ ಮಾತು ಬಂದಾಗ ಅವರ ಎಡಗಾಲಿನ ಆ ಬೆರಳು ನನ್ನ ಕೈಯಲ್ಲೇ ಇತ್ತು. ಹಾಗಾದರೆ ಮೊದಲು ನಿಮ್ಮ ಫೋನು ತೆಗೆದು ತೋರಿಸಿ ಎನ್ನಬಹುದಿತ್ತು. ಅದನ್ನು ಹೇಗೆ ತೆಗೆಯುವುದೆಂದು ನಾನು ಎಲ್ಲರಿಗೂ ತೋರಿಸಬಹುದಿತ್ತು. ಸಭೆ ಬಿದ್ದು ಬಿದ್ದು ನಗುತ್ತಿತ್ತು, ನ್ಯಾಯಾಲಯ ಅಲ್ಲಿಗೇ ಬರಖಾಸ್ತು ಆಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೇ ಬಂತು. ಅದು ಮೇಡಂಗೂ ಗೊತ್ತಾಯಿತು. ಮುಖ ಹಾಗೇ ಇತ್ತು, ಆದರೆ ಪಾದ ಸೆಟೆದು ಐದೂ ಬೆರಳು ಒಳಕ್ಕೆ ಮುದುಡಿಕೊಂಡವು.

ನಾನು ಹೇಳಲಿಲ್ಲ. ಟವೆಲಿನಿಂದ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿದೆ. ಮಾತು ಕೊಟ್ಟಿದ್ದೆ. ಬೇರೆಯವರ ಗುಟ್ಟು ಹೊರಹಾಕಿದೆ ಎಂಬ ಆರೋಪದಿಂದ ಪಾರಾಗಲು ಬೇರೆಯವರ ಗುಟ್ಟೊಂದನ್ನು ಹೊರಹಾಕಿದರೆ ಅವರು ಹೇಳಿದ್ದೇ ನಿಜವಾಗುತ್ತಿತ್ತು.  ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು ಎನ್ನುವುದನ್ನು ಯಾಕೆ ಮುಚ್ಚಿಡಲಿ. ಆ ಕೋಣೆಯಲ್ಲಿ ಬೀಗವೆಂದು ಕರೆಯಬಹುದಾದದ್ದು ಏನಾದರೂ ಇದ್ದರೆ ಅದು ನನ್ನ ಬಾಯಿ. ಅದನ್ನು ಕಂಡವರು ಒಬ್ಬರೇ.

ಫೋನು ತೋರಿಸುವುದಿಲ್ಲವಾದರೆ ನಾಳೆಯಿಂದ ಬರಬೇಡ ಎಂದು ಯಜಮಾನಿ ಹೇಳಿದರು. ಫೋನು ತೆಗೆದೆ. ಹೆಬ್ಬೆರಳು ಒತ್ತಿದೆ. ಬಣ್ಣ ತೆಗೆಯುವ ದ್ರವದಲ್ಲಿ ಹನ್ನೊಂದು ವರ್ಷ ಆಡಿದ ಬೆರಳು, ಗೆರೆಗಳು ಎಂದೋ ಸವೆದಿದ್ದವು. ಜೋಮು ಬೇರೆ, ಒತ್ತಿದೆನೋ ಇಲ್ಲವೋ ನನಗೇ ತಿಳಿಯಲಿಲ್ಲ. ಫೋನು ನಂಬರು ಕೇಳಿತು. ಆಮೇಲೆ ಯಾರೂ ಅನುಮಾನಪಡದ ಹಾಗೆ ನಂಬರನ್ನು ಎಲ್ಲರೆದುರು ಹೇಳಿಯೇ ಒತ್ತು ಎಂದು ಮೇಡಂ ಸೂಚಿಸಿದರು. ಹೇಳಿದೆ. ಅಮ್ಮ ಮೊದಲ ಹೊಲಿಗೆ ಮೆಷಿನ್ ಕೊಂಡ ವರ್ಷ ಅದು.

ಫೋನು ಕೈಯಿಂದ ಕೈಗೆ ಹೋಯಿತು. ಹೂವಿನಂಗಡಿ ಅಕ್ಕ ನನ್ನ ಕರೆಗಳನ್ನೂ ಸಂದೇಶಗಳನ್ನೂ ಬೆಣ್ಣೆಯಿಂದ ಕೂದಲು ತೆಗೆಯುವವರ ಹಾಗೆ ನೋಡಿದರು. ಇದ್ದವು ಹೆಚ್ಚೆಲ್ಲ ಅಮ್ಮನವು. ಬರುವಾಗ ಬಿಳಿ ದಾರ ತಾ. ಕೊಡೆ ಮರೆತು ಹೋಗಿದ್ದೀಯ. ನನ್ನ ಅಮ್ಮ ನನ್ನನ್ನು ಇನ್ನೂ ಪುಟ್ಟಿ ಎಂದು ಕರೆಯುವುದು ಎಲ್ಲರಿಗೂ ತಿಳಿಯಿತು, ಒಬ್ಬರು ಮುಸಿಮುಸಿ ನಕ್ಕರು. ಫೋಟೋಗಳು ಉಗುರಿನವು, ಸಾಲು ಸಾಲು. ಇನ್ನೊಬ್ಬರು ಒಂದು ನೇರಳೆ ಬಣ್ಣವನ್ನು ಮೆಚ್ಚಿ, ಮುಂದಿನ ಸಲ ತನಗೂ ಅದೇ ಹಚ್ಚಬೇಕೆಂದರು. ಫೋನು ಕೊನೆಗೆ ಹೆಡ್ ಮೇಡಂ ಕೈಗೆ ಬಂತು. ಅವರು ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಹೋಗಿ ಒಂದು ಕಡೆ ನಿಂತರು. ಏನು ಸಿಕ್ಕಿತೆಂದು ಅವರ ಮುಖ ನೋಡಿಯೇ ತಿಳಿದುಕೊಂಡೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿನ ಮುಂಚೆ ನಾನಿದ್ದ ಜಾಗದಲ್ಲೇ ಈಗ ಅವರಿದ್ದರು. ಫೋನು ಮುಚ್ಚಿ, ಇದರಲ್ಲಿ ಏನೂ ಇಲ್ಲ ಎಂದರೆ ಮುಗಿಯುತ್ತಿತ್ತು. ಬೇರೆಯವರಾದರೆ ಕಾಲು ಹಿಡಿದು ಬೇಡಿಕೊಳ್ಳುತ್ತಾರೆ. ನಾನು ಕಾಲು ಹಿಡಿದೇ ಇದ್ದೆ, ಬೇಡಿಕೊಳ್ಳುವುದೊಂದು ಬಾಕಿಯಿತ್ತು. ಕಣ್ಣಿನಲ್ಲಿ ಅದನ್ನೂ ಮಾಡಿದೆ.

ಮೇಡಂ ಗಂಟಲು ಸರಿಮಾಡಿಕೊಂಡು ರಿಪೋರ್ಟನ್ನು ಮೊದಲಿಂದ ಕೊನೆಯವರೆಗೆ ಓದಿದರು. ತರಗತಿಯಲ್ಲಿ ಪಾಠ ಓದುವ ದನಿ. ಬಲಗೈ. ಮೂರು ಬೆರಳು. ಸ್ಪರ್ಶಜ್ಞಾನ ತೀರಾ ಕಡಿಮೆ. ಹರಿತವಾದ ಸಲಕರಣೆಗಳ ಕೆಲಸವನ್ನು ಸಾಧ್ಯವಾದಷ್ಟು ತಪ್ಪಿಸುವುದು.

"ನಾನು ಸುಮ್ನಿರಬಹುದಿತ್ತು," ಎಂದರು ಕೊನೆಗೆ, ಯಾರನ್ನೂ ನೋಡದೆ. "ಆದ್ರೆ ಇದು ಎಲ್ಲರ ಸುರಕ್ಷತೆಯ ಪ್ರಶ್ನೆ."

ಆಮೇಲೆ ತಮ್ಮ ಪಾದವನ್ನು ನನ್ನ ಕೈಯಿಂದ ಮೆಲ್ಲನೆ ಬಿಡಿಸಿಕೊಂಡರು.

 ಒಬ್ಬರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು, ಎಲ್ಲ ಇವೆಯೋ ಇಲ್ಲವೋ ಎಂಬಂತೆ. ಮಾತು ಬದಲಿಸಲೆಂದೋ ಏನೋ, ನೇರಳೆ ಬಣ್ಣ ಮೆಚ್ಚಿದ್ದವರು ಹೂವಿನಂಗಡಿ ಅಕ್ಕನ ಕಡೆ ತಿರುಗಿ, ನಿಮ್ಮ ಫೋನಿಗೆ ನಿಮ್ಮ ಬೆರಳೊಂದೇ ತಾನೆ ಗೊತ್ತಿರುವುದು ಎಂದು ಕೇಳಿದರು. ಬೇಕಾದರೆ ನೀವೇ ನೋಡಿ ಎಂದು ಅಕ್ಕ ಸೆಟ್ಟಿಂಗು ತೆಗೆದು ತೋರಿಸಿದರು. ಅಲ್ಲಿ ಮೂರು ಬೆರಳುಗಳ ಪಟ್ಟಿ ಇತ್ತು. ಒಂದು ಅವರ ಬಲಗೈಯದು, ಒಂದು ಎಡಗೈಯದು. ಮೂರನೆಯದು ಯಾರದೆಂದು ಅಕ್ಕ ಬಹಳ ಹೊತ್ತು ಯೋಚಿಸಿದರು. ಆಮೇಲೆ ಅವರ ಕೈ ತಾನಾಗಿಯೇ ಬಾಯಿಗೆ ಹೋಯಿತು.

ಹೋದ ವರ್ಷ ಗುಲಾಬಿ ಮುಳ್ಳು ಚುಚ್ಚಿ ಅವರ ಎರಡೂ ಕೈಗೆ ಬ್ಯಾಂಡೇಜು ಹಾಕಿದ್ದರು. ಆಗ ಗಿರಾಕಿಗಳ ಆರ್ಡರು ನೋಡಿಕೊಳ್ಳಲೆಂದು ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಬೆರಳನ್ನು ಇವರೇ ಫೋನಿಗೆ ಒತ್ತಿಸಿದ್ದರು. ಗಾಯ ಮಾಯಿತು, ನಾದಿನಿಯ ಬೆರಳು ಫೋನಿನಲ್ಲೇ ಉಳಿಯಿತು.

ಎಲ್ಲರೂ ನಕ್ಕರು. ಎದೆಯ ಮೇಲಿನ ಕಲ್ಲು ಇಳಿದವರ ನಗು. ಒಬ್ಬೊಬ್ಬರಾಗಿ ಬಂದು ನನ್ನ ಭುಜ ತಟ್ಟಿ, ನಿನ್ನ ಮೇಲೆ ನಮಗೆ ಅನುಮಾನವೇ ಇರಲಿಲ್ಲ ಎಂದರು. ಮಾಡದ ತಪ್ಪಿಗೆ ಇಷ್ಟು ಜನ ಇಷ್ಟು ಉದಾರವಾಗಿ ನನ್ನನ್ನು ಕ್ಷಮಿಸಿದ್ದು ಅದೇ ಮೊದಲು. ಹೂವಿನಂಗಡಿ ಅಕ್ಕನಿಗೆ ಕಣ್ಣಲ್ಲಿ ನೀರೇ ಬಂತು. ಆದರೆ ಬಟ್ಟಲಿಗೆ ಬೆರಳಿಳಿಸಲು ಅವತ್ತು ಯಾರೂ ಕೂರಲಿಲ್ಲ. ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಯಿತು.

ಯಜಮಾನಿ ನನ್ನನ್ನು ಹಿಂದಿನ ಕೋಣೆಗೆ ಕರೆದರು. ಅವರ ದನಿ ಬಹಳ ಮೃದುವಾಗಿತ್ತು, ಅಷ್ಟಕ್ಕೇ ನನಗೆ ಎಲ್ಲ ಅರ್ಥವಾಯಿತು. ಮೊದಲು ಕೈ ನೋಡಿಕೋ, ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ವಾಸಿಯಾದ ಮೇಲೆ ನೋಡೋಣ ಎಂದರು. ಆರೇ ಆರು ವಾರ ಬಿಡಿ, ಆಮೇಲೆ ನಾನೇ ರಜೆ ತೆಗೆದುಕೊಳ್ಳುತ್ತೇನೆ ಎಂದು ಕೇಳಿಕೊಂಡೆ.

"ಒಂದು ವರ್ಷದಿಂದ ಇದೇ ಕೈಲಿ ಮಾಡ್ತಿದ್ದೀನಿ ಅಕ್ಕ. ಒಬ್ಬರಿಗೂ ಒಂದು ಹನಿ ರಕ್ತ ಬಂದಿಲ್ಲ."

"ಅದು ನಿಜ," ಎಂದರು ಅವರು. "ಆದ್ರೆ ಆಗ ಅವರಿಗೆ ಗೊತ್ತಿರಲಿಲ್ಲ."

 ನನ್ನ ಸ್ವಂತದ ಅರಗಳು, ಎರಡು ಕತ್ತರಿ, ಒಂದು ಚಿಮುಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಬಾಗಿಲಲ್ಲಿ ಹೆಡ್ ಮೇಡಂ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಒಂದು ಮಾತಾದರೂ ಆಡುತ್ತಾರೆ ಎಂದು ನನ್ನ ಹುಚ್ಚು ಮನಸ್ಸು ಕಾಯಿತು. ಆಡಿದರು. ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ನಿಜವಾದ ಕಾಳಜಿಯಿಂದ.

"ಇವತ್ತೇ ನಂಬರ್ ಬದಲಾಯಿಸ್ಕೊ. ಎಲ್ಲರೂ ಕೇಳಿಸ್ಕೊಂಡಿದ್ದಾರೆ."

ಬಸ್ಸು ಬಿಟ್ಟು ನಡೆದೇ ಹೋದೆ. ಅಮ್ಮನಿಗೆ ಹೇಳುವ ಮಾತನ್ನು ಸಜ್ಜು ಮಾಡಿಕೊಳ್ಳಲು ಸಮಯ ಬೇಕಿತ್ತು. ಕೆಲಸ ಹೋದದ್ದನ್ನು ಇವತ್ತಲ್ಲ ನಾಳೆ ಹೇಳಲೇಬೇಕು, ಹೇಳಿದರೆ ಕೈಯ ವಿಷಯವೂ ಬರುತ್ತದೆ. ಯಾವುದನ್ನು ಮೊದಲು ಹೇಳುವುದು? ಆಪರೇಷನ್ ಚಿಕ್ಕದು ಎಂಬಲ್ಲಿಂದ ಶುರು ಮಾಡಬೇಕು. ಮೊದಲಿನಂತೆಯೇ ಆಗುತ್ತದೆ ಎಂದ ಡಾಕ್ಟರ ಮಾತನ್ನು ನಡುವೆ ಎರಡು ಸಲ ಹೇಳಬೇಕು. ನಗುತ್ತಾ ಹೇಳಬೇಕು. ದಾರಿಯುದ್ದಕ್ಕೂ ತುಟಿ ಆಡಿಸುತ್ತಾ ನಡೆದೆ. ಇಡೀ ದಿನದಲ್ಲಿ ನನ್ನ ಕೈಯಲ್ಲಿ ಉಳಿದಿದ್ದದ್ದು ಅದೊಂದೇ. ಅದನ್ನಾದರೂ ಹಾಳು ಮಾಡಬಾರದು ಎಂದುಕೊಂಡೆ.

ಮೆಟ್ಟಿಲು ಹತ್ತುವಾಗ ಮೆಷಿನ್ನಿನ ಸದ್ದು ಕೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಅಮ್ಮ ಎದ್ದು ಬಂದು, ಚೀಲ ಇಳಿಸುವ ಮೊದಲೇ ನನ್ನ ಬಲಗೈ ಹಿಡಿದಳು. ಒಂದೊಂದೇ ಬೆರಳಿನ ತುದಿ ಒತ್ತುತ್ತಾ, ಇದು ಗೊತ್ತಾಗುತ್ತಾ, ಇದು ಗೊತ್ತಾಗುತ್ತಾ ಎಂದು ಕೇಳಿದಳು. ಅವಳ ಕಣ್ಣು ಆಗಲೇ ಅತ್ತು ಮುಗಿಸಿದ್ದವು. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಯಾರು ಹೇಳಿದರು ಎಂದು ಕೇಳಿದೆ.

"ಹೂವಿನಂಗಡಿಯವರು ಫೋನ್ ಮಾಡಿದ್ರು. ನಿನ್ನ ಫೋನ್ ನೋಡ್ವಾಗ ನನ್ನ ನಂಬರ್ ಬರ್ಕೊಂಡಿದ್ರಂತೆ," ಎಂದಳು ಅಮ್ಮ, ಕೈ ಬಿಡದೆ. "ಒಳ್ಳೆ ಹೆಂಗಸು ಪಾಪ. ತುಂಬಾ ಖಾಸಗಿ ವಿಷಯ, ಯಾರಿಗೂ ಹೇಳ್ಬೇಡಿ ಅಂದ್ರು."